ದುಡಿಮೆ ಹೆಚ್ಚಿದರೆ ಸರ್ಕಾರದ ನೆರವು ನಿಲ್ಲಬೇಕೇ?

ಅಕ್ಕಿ, ಗೃಹಲಕ್ಷ್ಮಿ ಹಣ, ಯುವನಿಧಿ, ವಿಧವಾ ವೇತನ. ಯಾವುದನ್ನು ತೆಗೆದುಕೊಂಡರೂ ಅಲ್ಲೊಂದು ಗೆರೆ ಇದೆ. ಗೆರೆಯೊಳಗೆ ದುಡಿದರೆ ನೆರವು ಬರುತ್ತದೆ, ದಾಟಿದರೆ ನಿಲ್ಲುತ್ತದೆ. ಈ ಗೆರೆ ಇರಬೇಕೇ, ಬೇಡವೇ? ಇರಬೇಕು ಎನ್ನುತ್ತಾರೆ ಆಹಾರ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಬೇಡ ಎನ್ನುತ್ತಾರೆ ಮಂಡ್ಯ ಜಿಲ್ಲೆಯಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುವ ಮಹಿಳೆ.

ಪರ: ಕೈಗೆ ಕೆಲಸ ಬಂದವರು ಜಾಗ ಬಿಡಲಿ

"ಇಡೀ ಸರ್ವಿಸ್ ಕಾರ್ಡ್ ರದ್ದು ಮಾಡುತ್ತಾ ಕಳೆದವರು ನೀವು. ಪರವಾಗಿ ನೀವೇ ಬರೆಯಬೇಕು" ಎಂದು ಸಂಪಾದಕರು ಫೋನ್ ಮಾಡಿದರು. ರದ್ದು ಮಾಡಿದ್ದಕ್ಕಿಂತ ಮಂಜೂರು ಮಾಡಿದ್ದೇ ಜಾಸ್ತಿ ಸ್ವಾಮಿ ಎಂದೆ. ಅವರು ನಕ್ಕು ಫೋನಿಟ್ಟರು. ಒಪ್ಪಿಕೊಂಡಾಯಿತು, ಬರೆಯುತ್ತೇನೆ.

ನೆರವು ಕೊಡುವುದು ಕೈ ಸೋತವರಿಗೆ. ಕೈಗೆ ಕೆಲಸ ಬಂತು, ಮನೆ ಸುಧಾರಿಸಿತು ಅಂದರೆ ಆ ಜಾಗಕ್ಕೆ ಕಾಯುತ್ತಿರುವ ಇನ್ನೊಬ್ಬರು ಬರಬೇಕು. ಇದರಲ್ಲಿ ಅನ್ಯಾಯ ಏನಿದೆ?

ಕಾಯುತ್ತಿರುವವರು ಯಾರು ಅಂತ ಕೇಳಿದರೆ ಹೇಳುತ್ತೇನೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಯಾವ ರಾಜ್ಯದ ಎಷ್ಟು ಜನಕ್ಕೆ ಧಾನ್ಯ ಎಂದು ಕೇಂದ್ರ ಗೊತ್ತು ಮಾಡಿದೆ. ಆ ಲೆಕ್ಕ ನಿಂತಿರುವುದು 2011ರ ಜನಗಣತಿ ಮೇಲೆ. ಅದಾದ ಮೇಲೆ ಎಷ್ಟು ಮಕ್ಕಳು ಹುಟ್ಟಿಲ್ಲ? ಎಷ್ಟು ಜನ ಮದುವೆಯಾಗಿ ಬೇರೆ ಸಂಸಾರ ಹೂಡಿಲ್ಲ? ಗಂಡ ಸತ್ತು ಮಕ್ಕಳ ಕೈ ಹಿಡಿದುಕೊಂಡು ತವರಿಗೆ ಬಂದವರಿದ್ದಾರೆ. ಇವರೆಲ್ಲ ಅದೇ ಹಳೇ ಲೆಕ್ಕದೊಳಗೆ ಹೇಗಾದರೂ ನುಗ್ಗಬೇಕು. ಅದು ಮೀರಿದರೆ ರಾಜ್ಯವೇ ಜೇಬಿನಿಂದ ಹಾಕಬೇಕು. ತುಂಬಿದ ಬಸ್ಸಿನಲ್ಲಿ ಸ್ಟಾಪ್ ಬಂದರೂ ಇಳಿಯದೆ ಕೂತವರಿದ್ದರೆ ಕೆಳಗೆ ನಿಂತವರು ಹತ್ತುವುದು ಹೇಗೆ? ಹೊಸ ಕಾರ್ಡಿಗೆ ಅರ್ಜಿ ಹಾಕಿ ಕಾದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಪ್ರತಿ ಸೋಮವಾರ ಬಂದು "ಆಯ್ತಾ ಸಾರ್" ಎನ್ನುತ್ತಿದ್ದರು. ಆಗಿರುತ್ತಿರಲಿಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿ. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ, 1.2 ಕೋಟಿಗೂ ಹೆಚ್ಚು ಯಜಮಾನಿಯರು. ವರ್ಷಕ್ಕೆ 28 ಸಾವಿರ ಕೋಟಿ ದಾಟುತ್ತದೆ. ಕಂತು ಸರಿಯಾಗಿ ಬರುತ್ತಿಲ್ಲ ಅಂತ ಎಲ್ಲ ಊರಲ್ಲೂ ಬೈಯುತ್ತಾರೆ. ಬೈಯಲಿ. ಆದರೆ ಬೇಕಿಲ್ಲದವರನ್ನು ಬಿಟ್ಟಿದ್ದರೆ ಬೇಕಾದವರಿಗೆ ತಿಂಗಳು ತಿಂಗಳು ಬರುತ್ತಿತ್ತಲ್ಲ? ವಿಧವಾ ವೇತನ ಬರೀ 800 ರೂಪಾಯಿ. ಅದನ್ನು ಏರಿಸಿ ಎಂದರೆ ದುಡ್ಡಿಲ್ಲ ಎನ್ನುತ್ತಾರೆ. ದುಡ್ಡು ಎಲ್ಲಿ ಹೋಯಿತು ಅಂದರೆ, ಇಳಿಯದೆ ಕೂತವರ ಹತ್ತಿರ ಹೋಯಿತು.

ಗ್ಯಾಸ್ ಸಬ್ಸಿಡಿಗೆ ಇದೇ ನಿಯಮ ಬಂತಲ್ಲ? 2016ರ ಜನವರಿಯಿಂದ ವರ್ಷಕ್ಕೆ 10 ಲಕ್ಷಕ್ಕಿಂತ ಜಾಸ್ತಿ ತೆರಿಗೆಯ ಆದಾಯ ಇರುವವರಿಗೆ ಸಬ್ಸಿಡಿ ನಿಲ್ಲಿಸಿದರು. ಅದಕ್ಕೂ ಮುಂಚೆ ತಾವಾಗೇ ಬಿಟ್ಟುಕೊಟ್ಟವರು ಬೇಕಾದಷ್ಟಿದ್ದರು. ಯಾರ ಮನೆಯ ಒಲೆಯೂ ಆರಲಿಲ್ಲ.

ಒಲೆ ಅಂದಾಗ ಒಂದು ಮನೆ ನೆನಪಿಗೆ ಬರುತ್ತದೆ. ಊರು ಹೇಳುವುದಿಲ್ಲ. ತಾಯಿ ಹೆಸರಿನಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಮಗನಿಗೆ ಕಾರ್ಖಾನೆಯಲ್ಲಿ ಒಳ್ಳೆ ಸಂಬಳ. ಅವನ ಹೆಸರು ಅದರಲ್ಲೇ ಇದ್ದರೆ ತಾಯಿ ಕಾರ್ಡ್ ಹೋಗುತ್ತದೆ. ಅದಕ್ಕೆ ಅವನು ತನ್ನ ಹೆಸರು, ಹೆಂಡತಿ ಹೆಸರು ತೆಗೆಸಿ ಬೇರೆ ಕಾರ್ಡಿಗೆ ಅರ್ಜಿ ಹಾಕಿದ್ದ. ಬೇರೆ ಕಾರ್ಡ್ ಬೇಕೆಂದರೆ ಬೇರೆ ಸಂಸಾರ ಇರಬೇಕು. ಬೇರೆ ಸಂಸಾರ ಅಂದರೆ ಬೇರೆ ಒಲೆ. ನಾನು ಸ್ಥಳ ಪರಿಶೀಲನೆಗೆ ಹೋದೆ. ಅಡುಗೆಮನೆ ಕಟ್ಟೆ ಮೇಲೆ ಎರಡು ಸ್ಟೌ ಇಟ್ಟಿದ್ದರು. ಎರಡನ್ನೂ ತಿಕ್ಕಿ ಬೆಳಗಿದ್ದರು. ನಡುವೆ ಸೀಮೆಸುಣ್ಣದಲ್ಲಿ ಗೆರೆ ಬೇರೆ ಎಳೆದಿದ್ದರು! "ಈ ಕಡೆ ಅತ್ತೆದು, ಆ ಕಡೆ ನಂದು ಸಾರ್" ಎಂದಳು ಸೊಸೆ. ಬಗ್ಗಿ ನೋಡಿದೆ. ಅವಳ ಸ್ಟೌವಿನ ಪೈಪು ಕಟ್ಟೆ ಕೆಳಗೆ ಇಳಿದು ಅಲ್ಲೇ ನಿಂತಿತ್ತು. ರೆಗ್ಯುಲೇಟರ್ ಇಲ್ಲ, ಸಿಲಿಂಡರೂ ಇಲ್ಲ. ಅಕ್ಕಿ ಡಬ್ಬ ಒಂದೇ, ಸಾಸಿವೆ ಡಬ್ಬಿ ಒಂದೇ. ಅಷ್ಟರಲ್ಲಿ ಅತ್ತೆ ಕಾಫಿ ತಂದರು. "ಇದು ಯಾರ ಒಲೆದಮ್ಮ?" ಎಂದೆ. "ನಮ್ದೇ ಸಾರ್" ಎಂದರು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ. ಕಾಫಿ ಚೆನ್ನಾಗಿತ್ತು. ಮನೆಯ ಎಮ್ಮೆ ಹಾಲು, ಚಿಕೋರಿ ಕಮ್ಮಿ. ವರದಿಯಲ್ಲಿ ಏನು ಬರೆದೆ ಅನ್ನುವುದು ಇಲ್ಲಿಗೆ ಬೇಡ.

ಹೇಳಬೇಕಾದ್ದು ಏನೆಂದರೆ, ಆ ಮನೆಗೆ ಆ ಅಕ್ಕಿ ಬೇಕಿರಲಿಲ್ಲ. ಬೇಕಿಲ್ಲದಿದ್ದರೂ ಬಿಡುವ ಮನಸ್ಸಿಲ್ಲ. ಬಂದದ್ದು ಯಾಕೆ ಬಿಡಬೇಕು ಅನ್ನುವುದು ನಮ್ಮೆಲ್ಲರ ಗುಣ. ಅದಕ್ಕೇ ಗೆರೆ ಬೇಕು. ಮನಸ್ಸಿಗೆ ಬಿಟ್ಟರೆ ಯಾರೂ ಇಳಿಯುವುದಿಲ್ಲ.

ಗೆರೆ ಇದ್ದರೆ ಜನ ದುಡಿಯುವುದನ್ನೇ ಬಿಡುತ್ತಾರೆ ಅಂತ ಓದಿದವರು ಹೇಳುತ್ತಾರೆ. 20 ಕೆಜಿ ಅಕ್ಕಿಗೋಸ್ಕರ ಬಂದ ಕೆಲಸ ಬಿಡುವ ದಡ್ಡರು ನಮ್ಮ ಕಡೆ ಯಾರೂ ಇಲ್ಲ. ಇದಕ್ಕೆ ಜಾಸ್ತಿ ಉತ್ತರ ಬೇಕಿಲ್ಲ.

ಹಾಗಂತ ಈಗಿರುವ ಗೆರೆ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಬಿಪಿಎಲ್‌ಗೆ ವರ್ಷದ ಆದಾಯ 1.2 ಲಕ್ಷ ಮೀರಬಾರದು. ಅಂದರೆ ತಿಂಗಳಿಗೆ ಇಡೀ ಮನೆಗೆ 10 ಸಾವಿರ. ಇವತ್ತಿನ ಕಾಲಕ್ಕೆ ಅದು ತಮಾಷೆ. ಅದನ್ನು ಏರಿಸಿ. ಏಳೂವರೆ ಎಕರೆ ಜಮೀನು, ನಾಲ್ಕು ಚಕ್ರದ ಗಾಡಿ, ಪಟ್ಟಣದಲ್ಲಿ 1,000 ಚದರಡಿ ಮನೆ, ಇವನ್ನೂ ಮತ್ತೆ ಕೂತು ನೋಡಲಿ. 2021ರಲ್ಲಿ ಆಗಿನ ಆಹಾರ ಸಚಿವ ಉಮೇಶ್ ಕತ್ತಿಯವರು ಟಿವಿ, ಫ್ರಿಡ್ಜ್, ಬೈಕ್ ಇರುವವರು ಕಾರ್ಡ್ ವಾಪಸ್ ಕೊಡಬೇಕು ಎಂದಿದ್ದರು. ದೊಡ್ಡ ಗಲಾಟೆಯಾಗಿ ಹಿಂದೆ ಸರಿದರು. ಸರಿದದ್ದೇ ಸರಿ. ಕಂತಿನಲ್ಲಿ ತಂದ ಫ್ರಿಡ್ಜ್ ನೋಡಿ ಬಡವರಲ್ಲ ಅನ್ನಲು ಆಗುತ್ತದೆಯೇ? ವಸ್ತು ನೋಡಬೇಡಿ, ಸಂಪಾದನೆ ನೋಡಿ. ನಿಲ್ಲಿಸುವ ಮುಂಚೆ ಆರು ತಿಂಗಳ ನೋಟಿಸ್ ಕೊಡಿ. ಕೆಲಸ ಹೋದರೆ ಹಳೇ ಕಾರ್ಡನ್ನೇ ವಾಪಸ್ ಕೊಡಿ, ಮತ್ತೆ ಮೊದಲಿನಿಂದ ಅಲೆಸಬೇಡಿ.

ಇಷ್ಟು ಮಾಡಿದರೆ ಗೆರೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಸಂಪಾದಕರು ಇನ್ನೂ ಸ್ವಲ್ಪ ಖಾರವಾಗಿ ಬರೆಯಿರಿ ಎಂದಿದ್ದರು. ಈ ವಯಸ್ಸಿಗೆ ಇಷ್ಟೇ ಖಾರ.

ವಿರೋಧ: ಸೊನ್ನೆ ತೆರಿಗೆ ಕಟ್ಟಿದ್ದಕ್ಕೂ ಶಿಕ್ಷೆಯೇ?

ದುಡಿಯುವವರಿಗೆ ನೆರವು ನಿಲ್ಲಿಸಿ ಎನ್ನುತ್ತಾರೆ. ಯಾರು ಎಷ್ಟು ದುಡಿದರು ಅಂತ ಸರ್ಕಾರಕ್ಕೆ ಗೊತ್ತಾಗುವುದು ಹೇಗೆ? ಮೊದಲು ಇದನ್ನು ಹೇಳಲಿ.

ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ನನ್ನ ಅಂಗಡಿಗೆ ಬರುವವರಲ್ಲಿ ತೆರಿಗೆ ಕಟ್ಟುವವರು ಕಮ್ಮಿ. ಬ್ಯಾಂಕ್ ಸಾಲಕ್ಕೆ ಬೇಕು, ಕಂಟ್ರಾಕ್ಟ್ ಲೈಸೆನ್ಸಿಗೆ ಬೇಕು, ಟಿಡಿಎಸ್ ಅಂತ ತೆರಿಗೆ ಮುಂಚೆಯೇ ಹಿಡಿದುಕೊಂಡಿದ್ದಾರೆ ವಾಪಸ್ ಬೇಕು, ಇಂಥವರೇ ಜಾಸ್ತಿ. ಊರಲ್ಲಿ ನಿಜವಾಗಿ ದುಡ್ಡಿರುವವರು ನನ್ನ ಅಂಗಡಿ ಮೆಟ್ಟಿಲು ಹತ್ತುವುದೇ ಇಲ್ಲ. ಸೈಟ್ ಬ್ರೋಕರ್ ಹತ್ತಲ್ಲ. ಬಡ್ಡಿಗೆ ದುಡ್ಡು ಬಿಡುವವರು ಹತ್ತಲ್ಲ. ದೊಡ್ಡ ಕಬ್ಬಿನ ಗದ್ದೆಯವರು ಹತ್ತಬೇಕಾಗಿಯೂ ಇಲ್ಲ, ಬೇಸಾಯದ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ. ಸರ್ಕಾರಕ್ಕೆ ಕಾಣುವುದು ಕಾಗದ ಮಾಡಿಸಿದವರು ಮಾತ್ರ. ಪ್ಯಾನ್ ಕಾರ್ಡ್ ಮಾಡಿಸಿದ, ರಿಟರ್ನ್ ಸಲ್ಲಿಸಿದ, ಜಿಎಸ್‌ಟಿ ನಂಬರ್ ತೆಗೆದುಕೊಂಡ ಅಂದರೆ ಅವನು ಸಿಕ್ಕಿಬಿದ್ದ. ಆದಾಯದ ಗೆರೆ ಎಂದು ಕರೆಯುವುದು ನಮ್ಮ ಊರುಗಳಲ್ಲಿ ಕಾಗದದ ಗೆರೆಯಾಗಿದೆ.

ಗೃಹಲಕ್ಷ್ಮಿ ನಿಯಮ ತೆಗೆದು ಓದಿ. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ಕೇಳಲು ಚೆನ್ನಾಗಿದೆ. ಈಗ ನನ್ನ ಹತ್ತಿರ ಬಂದ ಒಂದು ಮನೆ ವಿಷಯ ಹೇಳುತ್ತೇನೆ.

ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ. ತೆಂಗಿನಕಾಯಿ, ತರಕಾರಿ, ಯಾರದ್ದಾದರೂ ಮನೆ ಸಾಮಾನು. ಹೆಂಡತಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ತಮ್ಮ ಹಳೇ ಗಾಡಿ ಮಾರಿ ಹೊಸದು ತೆಗೆದುಕೊಳ್ಳೋಣ ಅಂತ ಫೈನಾನ್ಸಿಗೆ ಹೋದರು. ಅಲ್ಲಿ ರಿಟರ್ನ್ ಕೇಳಿದರು. ನನ್ನ ಹತ್ತಿರ ಬಂದರು, ನಾನು ತುಂಬಿಕೊಟ್ಟೆ. ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ ಸ್ವಂತ ಗೂಡ್ಸ್ ಗಾಡಿ ಇರುವವರಿಗೆ ಕಲಂ 44ಎಇ ಅಂತ ಇತ್ತು. ಲೆಕ್ಕದ ಪುಸ್ತಕ ಬೇಕಿಲ್ಲ. ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯ ಅಂತ ಹಿಡಿಯಬಹುದಿತ್ತು. ಒಂದು ಗಾಡಿಗೆ ವರ್ಷಕ್ಕೆ 90 ಸಾವಿರ. ತೆರಿಗೆ ಸೊನ್ನೆ. ಗಮನಿಸಿ, ಬಿಪಿಎಲ್ ಗೆರೆ 1.2 ಲಕ್ಷ. ಆ ಮನುಷ್ಯ ಸರ್ಕಾರಕ್ಕೆ ಕೊಟ್ಟ ಕಾಗದವೇ ಅವರು ಬಡವರು ಅಂತ ಹೇಳುತ್ತಿದೆ.

ಸಾಲ ಸಿಕ್ಕಿತು, ಗಾಡಿ ಬಂತು. ಸ್ವಲ್ಪ ತಿಂಗಳಾದ ಮೇಲೆ ಹೆಂಡತಿ ಖಾತೆಗೆ ದುಡ್ಡು ಬರುವುದು ನಿಂತಿತು. ಎಲ್ಲರಿಗೂ ತಡ ಆಗಿರಬೇಕು ಅಂತ ಸುಮ್ಮನಿದ್ದರು. ಪಕ್ಕದ ಮನೆಯವರಿಗೆ ಎರಡು ಕಂತು ಒಟ್ಟಿಗೆ ಬಂತು. ಇವರಿಗೆ ಇಲ್ಲ. ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಹೋಗಿ ಕೇಳಿದರೆ ಕಂಪ್ಯೂಟರ್ ನೋಡಿ "ನೀವು ಐಟಿ ಕಟ್ಟುವವರು ಅಂತ ಬರ್ತಿದೆ" ಎಂದರು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋದರು. ತೆರಿಗೆ ಕಟ್ಟುವುದಿಲ್ಲ ಅಂತ ಪತ್ರ ತನ್ನಿ ಎಂದರು. ಯಾರಿಂದ ತರಬೇಕು? ಅದು ಅವರಿಗೂ ಸರಿಯಾಗಿ ಗೊತ್ತಿಲ್ಲ.

ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು. ಗಾಡಿ ಹೊರಗೆ ನಿಲ್ಲಿಸಿದ್ದರು, ಅದರ ತುಂಬ ಎಳನೀರು. "ಅಕ್ಕ, ನಾವು ಯಾವ ಟ್ಯಾಕ್ಸ್ ಕಟ್ಟಿದ್ವಿ?" ಎಂದು ಆಯಮ್ಮ ಕೇಳಿದರು. ರಿಟರ್ನ್ ಪ್ರಿಂಟ್ ತೆಗೆದು ತೋರಿಸಿದೆ. ಕಟ್ಟಬೇಕಾದ ತೆರಿಗೆ ಅನ್ನುವ ಸಾಲಿನ ಮುಂದೆ ಸೊನ್ನೆ ಇದೆ. "ಸೊನ್ನೆ ಕಟ್ಟಿದರೂ ಟ್ಯಾಕ್ಸ್ ಕಟ್ಟಿದ ಹಾಗೇನಾ?" ಎಂದರು ಗಂಡ. ನನಗೆ ಉತ್ತರ ಗೊತ್ತಿತ್ತು. ಆದರೆ ನನ್ನ ಉತ್ತರಕ್ಕೆ ಬೆಲೆ ಇಲ್ಲ. ಆ ಪ್ರಿಂಟನ್ನೇ ತೆಗೆದುಕೊಂಡು ಹೋದರು. ಇದು ಆಗಲ್ಲ, ಆಡಿಟರ್ ಲೆಟರ್‌ಹೆಡ್ಡಿನಲ್ಲಿ ಬೇಕು ಎಂದರಂತೆ. ಪರಿಚಯದ ಆಡಿಟರ್ ಹತ್ತಿರ ಬರೆಸಿಕೊಟ್ಟೆ. ಅದನ್ನು ತೆಗೆದುಕೊಂಡರು, ಮೇಲಕ್ಕೆ ಕಳಿಸಿದ್ದೇವೆ ಎಂದರು. ಮೇಲೆ ಅಂದರೆ ಎಲ್ಲಿ ಅಂತ ಆಯಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಆ 2,000 ಅವರಿಗೆ ಸಂಘದ ಸಾಲದ ಕಂತು. ಕಂತು ಕೇಳುವವರು ಮೇಲಕ್ಕೆ ಕಳಿಸಿದ್ದೇವೆ ಅಂದರೆ ಕೇಳುತ್ತಾರಾ? ಹಾಲಿನ ಬಟವಾಡೆ ದುಡ್ಡಲ್ಲಿ ಕಟ್ಟಿದರು, ಹಸುವಿನ ಬೂಸಾ ಕಮ್ಮಿ ಮಾಡಿದರು, ಹಾಲು ಇಳಿಯಿತು. ಎದ್ದು ಹೋಗುವಾಗ ಗಂಡ ಕೇಳಿದ್ದು ಒಂದೇ ಮಾತು. "ಮೇಡಂ, ಹಾಕಿರೋ ರಿಟರ್ನ್ ಅಳಿಸೋಕೆ ಆಗಲ್ವಾ?"

ಈಗ ಇನ್ನೊಂದು ಮನೆ ನೋಡಿ. ಗಂಡ ಇಲ್ಲದ ತಾಯಿ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಸಂಬಳದಲ್ಲಿ ಪ್ರತಿ ತಿಂಗಳು ತೆರಿಗೆ ಮುರಿಯುತ್ತಾರೆ. ಆ ತಾಯಿಗೆ ಗೃಹಲಕ್ಷ್ಮಿ ಬರುತ್ತದೆ, ಯಾಕೆಂದರೆ ನಿಯಮದಲ್ಲಿರುವುದು ಯಜಮಾನಿ ಮತ್ತು ಗಂಡ ಇಬ್ಬರೇ. ಬರಲಿ, ನನಗೇನೂ ಹೊಟ್ಟೆ ಉರಿಯಿಲ್ಲ. ಆದರೆ ಇದಕ್ಕೆ ಆದಾಯ ನೋಡಿ ಕೊಡುವುದು ಅಂತ ಹೆಸರಿಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ವರ್ಷಕ್ಕೆ 12 ಲಕ್ಷದವರೆಗೆ ಸಂಬಳ ಇದ್ದರೂ ತೆರಿಗೆ ಸೊನ್ನೆ. ತೆರಿಗೆ ಕಟ್ಟುವವರು ಅಂತ ಹಿಡಿದರೆ 11 ಲಕ್ಷದವನು ಪಾರಾಗುತ್ತಾನೆ. ರಿಟರ್ನ್ ಸಲ್ಲಿಸಿದವರು ಅಂತ ಹಿಡಿದರೆ 90 ಸಾವಿರದವನು ಸಿಕ್ಕಿಬೀಳುತ್ತಾನೆ. ಎರಡರಲ್ಲಿ ಯಾವ ಗೆರೆ ನಿಮಗೆ ಬೇಕು?

ಜಿಎಸ್‌ಟಿಯದ್ದು ಇನ್ನೂ ಚೆಂದ. ನಮ್ಮ ಬೀದಿಯಲ್ಲಿ ಒಬ್ಬರು ಸಾಂಬಾರ್ ಪುಡಿ, ಚಟ್ನಿ ಪುಡಿ ಮಾಡುತ್ತಾರೆ. ದೊಡ್ಡ ಅಂಗಡಿಯವರು ಮಾಲು ತೆಗೆದುಕೊಳ್ಳುತ್ತೇವೆ, ಜಿಎಸ್‌ಟಿ ನಂಬರ್ ಇರಲಿ ಎಂದರು. ಸರಕು ಮಾರುವವರಿಗೆ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ. ಈಕೆಯದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ನಂಬರ್ ಮಾಡಿಸಿದರೆ ವ್ಯಾಪಾರ ಬೆಳೆಯುತ್ತದೆ. ಮಾಡಿಸಿದರೆ ರಿಟರ್ನ್ ಹಾಕಲೇಬೇಕು, ಏನೂ ಮಾರದ ತಿಂಗಳೂ ನಿಲ್ ರಿಟರ್ನ್ ಹಾಕಬೇಕು. ಹಾಕಿದರೆ ಗೃಹಲಕ್ಷ್ಮಿ ಹೋಯಿತು. ಆಕೆ ನಂಬರ್ ಮಾಡಿಸಲಿಲ್ಲ. ಈಗಲೂ ಮನೆ ಬಾಗಿಲಲ್ಲೇ ಮಾರುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ಬೆಂಗಳೂರಿನ ಬೇಕರಿಗಳಲ್ಲಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಬಿತ್ತು. ಕಾಗದಕ್ಕೆ ಹೆದರಿದ ಜನ ಮಾಡುವುದೇ ಹೀಗೆ. ಕಾಣದ ಹಾಗೆ ಇರುತ್ತಾರೆ.

ಜನ ಕೆಲಸ ಬಿಡುವುದಿಲ್ಲ ಅಂತ ಪರ ಇರುವವರು ಹೇಳುತ್ತಾರೆ. ಹೌದು, ಬಿಡುವುದಿಲ್ಲ. ಬಚ್ಚಿಡುತ್ತಾರೆ. "ಪಿಎಫ್ ಬೇಡ ಸಾರ್, ಕೈಗೇ ಕೊಡಿ" ಎಂದು ತಾವೇ ಕೇಳುತ್ತಾರೆ. ಮಾಲೀಕನಿಗೆ ಹಬ್ಬ, ಅವನ ಪಾಲಿನ ಪಿಎಫ್ ಉಳಿಯಿತು. ನಾಳೆ ಯಂತ್ರಕ್ಕೆ ಕೈ ಸಿಕ್ಕಿದರೆ ಕಾರ್ಮಿಕರ ವಿಮೆ ಇಎಸ್‌ಐ ಇಲ್ಲ. ಯುವನಿಧಿಯನ್ನೇ ನೋಡಿ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ದಿನ ಪೂರ್ತಿ ನಿಲ್ಲುತ್ತದೆ. ಹುಡುಗನಿಗೆ ಬೈಕ್ ಶೋರೂಮಿನಲ್ಲಿ 9,000 ಸಂಬಳ ಎಂದರು ಅಂತ ಇಟ್ಟುಕೊಳ್ಳಿ. 3,000 ಹೋಯಿತು, ದಿನಾ ಹೋಗಿ ಬರುವ ಬಸ್ ಚಾರ್ಜು ಹೋಯಿತು, ಇಸ್ತ್ರಿ ಶರ್ಟು ಬೇಕು, ಮಧ್ಯಾಹ್ನದ ಊಟ ಬೇಕು. ತಿಂಗಳಿಡೀ ನಿಂತು ದುಡಿದು ಮನೆಗೆ ತರುವುದು ಎಷ್ಟು? ಅವನು ಕೆಲಸಕ್ಕೆ ಸೇರುತ್ತಾನೆ, ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಬೇಡ ಎನ್ನುತ್ತಾನೆ.

ಬಿಪಿಎಲ್‌ಗೆ ಬನ್ನಿ. ಮನೆಗೆಲ್ಲ ಸೇರಿ ತಿಂಗಳಿಗೆ 10 ಸಾವಿರ. ರಾಜ್ಯ ಸರ್ಕಾರವೇ ಹೊರಡಿಸಿದ ಕನಿಷ್ಠ ವೇತನದ ಪಟ್ಟಿ ನೋಡಿದರೆ ಬಹುತೇಕ ಕಸುಬುಗಳಲ್ಲಿ ಒಬ್ಬರ ತಿಂಗಳ ಕೂಲಿಯೇ 10 ಸಾವಿರ ದಾಟುತ್ತದೆ. ಕಾನೂನು ಪ್ರಕಾರ ಕೂಲಿ ಸಿಕ್ಕರೆ ಕಾರ್ಡ್ ಹೋಗಬೇಕು, ಕಾನೂನು ಮುರಿದು ಕಮ್ಮಿ ಕೊಟ್ಟರೆ ಕಾರ್ಡ್ ಉಳಿಯುತ್ತದೆ. ವಿಧವಾ ವೇತನಕ್ಕೆ ವರ್ಷದ ಗೆರೆ 32,000. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ಇತ್ತು. ನೂರು ದಿನ ಮಣ್ಣು ಹೊತ್ತಿದ್ದರೆ 37,000. ಸರ್ಕಾರ ಕೊಟ್ಟ ಕೆಲಸ ಪೂರ್ತಿ ಮಾಡಿದರೆ ಸರ್ಕಾರ ಕೊಡುವ 800 ರೂಪಾಯಿಗೆ ಲಾಯಕ್ಕಿಲ್ಲ! ಇದಕ್ಕೇ ಆದಾಯ ಪ್ರಮಾಣಪತ್ರದಲ್ಲಿ ಎಲ್ಲರದ್ದೂ ಒಂದೇ ಥರದ ಅಂಕಿ ಇರುತ್ತದೆ. ಬರೆಯುವವರಿಗೂ ಗೊತ್ತು, ಬರೆಸುವವರಿಗೂ ಗೊತ್ತು.

ಬಿಪಿಎಲ್ ಹೋದರೆ ಬರೀ ಅಕ್ಕಿ ಹೋಗುವುದಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಕೇಂದ್ರದ 5 ಕೆಜಿ ಮಾತ್ರ ಲೆಕ್ಕ ಹಿಡಿದರೂ ನಾಲ್ಕು ಜನಕ್ಕೆ 20 ಕೆಜಿ, ಅಂಗಡಿಯಲ್ಲಿ ಕೊಂಡರೆ ಎಂಟುನೂರು ರೂಪಾಯಿ ಆಸುಪಾಸು. ಅದನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್, ಅಂದರೆ ಬಡತನದ ಗೆರೆ ಮೇಲಿನ ಕಾರ್ಡ್ ಆದರೆ ಖರ್ಚಿನ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ತಿಂಗಳಿಗೆ ಇನ್ನೂರು ರೂಪಾಯಿ ಜಾಸ್ತಿ ದುಡಿದದ್ದಕ್ಕೆ ಇಷ್ಟು ದೊಡ್ಡ ಹೊಡೆತ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಇದ್ದಕ್ಕಿದ್ದ ಹಾಗೆ ಎಪಿಎಲ್ ಆದಾಗ ಜನ ರೊಚ್ಚಿಗೆದ್ದದ್ದು ಸುಮ್ಮನೆ ಅಲ್ಲ. ಕೊನೆಗೆ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಬಿಟ್ಟು ಉಳಿದವರದ್ದು ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಬೇಕಾಯಿತು.

ಕೆಲವು ಹೊರದೇಶಗಳಲ್ಲಿ ಒಂದೇ ಏಟಿಗೆ ನಿಲ್ಲಿಸುವುದಿಲ್ಲ. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಯೋಜನೆಯಲ್ಲಿ ದುಡಿಮೆ ಒಂದು ಪೌಂಡ್ ಹೆಚ್ಚಿದರೆ ನೆರವಿನಲ್ಲಿ 55 ಪೆನ್ಸ್ ಕಮ್ಮಿ ಮಾಡುತ್ತಾರೆ. 2021ರ ತನಕ 63 ಪೆನ್ಸ್ ಇತ್ತು, ಅದು ಜಾಸ್ತಿಯಾಯಿತು ಅಂತ ಇಳಿಸಿದರು. ದುಡಿದವನ ಕೈಯಲ್ಲಿ ಏನಾದರೂ ಉಳಿಯಬೇಕು ಅನ್ನುವ ಬುದ್ಧಿ ಅದು. ಅಲ್ಲಿ ಕಂಪನಿಯಿಂದ ಸಂಬಳದ ಲೆಕ್ಕ ಸರ್ಕಾರಕ್ಕೆ ನೇರ ಹೋಗುತ್ತದೆ. ನಮ್ಮಲ್ಲಿ ಎಳನೀರು ಗಾಡಿಯವರ ಸಂಬಳದ ಚೀಟಿ ಎಲ್ಲಿಂದ ತರುತ್ತೀರಿ? ಅದಕ್ಕೇ ನಾನು ಗೆರೆಯನ್ನು ತಿದ್ದಿ ಅನ್ನುತ್ತಿಲ್ಲ, ಅಳಿಸಿ ಅನ್ನುತ್ತಿದ್ದೇನೆ.

ಅಳಿಸಿದರೆ ಆಕಾಶ ಬೀಳುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ನಡೆಯುತ್ತಿದೆ. ಬಸ್ ಹತ್ತಿದ ಹೆಂಗಸಿಗೆ ನಿನ್ನ ಗಂಡ ರಿಟರ್ನ್ ಹಾಕಿದ್ದಾನಾ ಅಂತ ಕಂಡಕ್ಟರ್ ಕೇಳುವುದಿಲ್ಲ. ಗೃಹಜ್ಯೋತಿಯಲ್ಲೂ ಆದಾಯ ಕೇಳುವುದಿಲ್ಲ. ನಮ್ಮ ಕಡೆಯ ಹೆಂಗಸರು ದೂರದ ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋಗುತ್ತಿರುವುದು ಈ ಬಸ್ಸಿನಲ್ಲೇ. ದುಡಿದಷ್ಟೂ ಉಪಯೋಗ ಆಗುವ ನೆರವು ಅದು.

ಪರ ವಾದಿಸುವವರ ಹತ್ತಿರ ಯಾವಾಗಲೂ ಒಂದು ಕಾರಿನ ಕಥೆ ಇರುತ್ತದೆ. ಯಾರೋ ಕಾರಿನಲ್ಲಿ ಬಂದು ಸೊಸೈಟಿ ಅಕ್ಕಿ ಒಯ್ದರಂತೆ. ಆ ಕಾರು ಇಡೀ ಕರ್ನಾಟಕ ಸುತ್ತಿದೆ, ಪೆಟ್ರೋಲ್ ಯಾರು ಹಾಕಿಸುತ್ತಾರೋ ಗೊತ್ತಿಲ್ಲ. ದುಡ್ಡೆಲ್ಲಿಂದ ತರುವುದು ಅಂತಲೂ ಕೇಳುತ್ತಾರೆ. ಅದನ್ನು ಬಜೆಟ್ ಮಾಡುವವರು ಯೋಚಿಸಲಿ, ಅವರಿಗೆ ಅದಕ್ಕೇ ತಾನೇ ಸಂಬಳ.

ಜುಲೈ ನಮ್ಮ ಕಸುಬಿಗೆ ಸುಗ್ಗಿ. ಮೊದಲೆಲ್ಲ ಬಂದವರು ಫೀಸ್ ಎಷ್ಟು ಅಂತ ಕೇಳಿ ಚೌಕಾಸಿ ಮಾಡುತ್ತಿದ್ದರು. ಈಗ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾರೆ. ಕೂತ ತಕ್ಷಣ ಆಕೆ ಕೇಳುತ್ತಾರೆ, "ಇದು ಹಾಕಿದ್ರೆ ಗೃಹಲಕ್ಷ್ಮಿ ಹೋಗುತ್ತಾ ಮೇಡಂ?" ಸುಳ್ಳು ಹೇಳಲು ಆಗುವುದಿಲ್ಲ. ಹೋಗಬಹುದು ಎನ್ನುತ್ತೇನೆ. ಗಂಡ ಹೆಂಡತಿ ಮುಖ ನೋಡಿಕೊಳ್ಳುತ್ತಾರೆ, ಸಾಲ ಬೇರೆ ಕಡೆ ಬಡ್ಡಿಗೆ ತಗೊಳ್ಳೋಣ ಬಿಡಿ ಅಂತ ಪೇಪರ್ ಎತ್ತಿಕೊಂಡು ಹೋಗುತ್ತಾರೆ.